ಸರ್ಕಲ್ಲಿನ ಆ ಕಡೆಯ ಪಲ್ಸಾರ್

ಪಲ್ಸಾರ್ ಎಂದರೆ ಸತ್ತ ನಕ್ಷತ್ರದ ಗಿರಗಿರ ಸುತ್ತುವ ತಿರುಳು. ಸುತ್ತುತ್ತಲೇ ಟಿಕ್ ಟಿಕ್ ಎಂದು ರೇಡಿಯೊ ಅಲೆ ಕಳಿಸುತ್ತಿರುತ್ತದೆ. ತೊಂಬತ್ತರ ದಶಕದ ಕೊನೆಗೆ, ಪಿಎಚ್‌ಡಿ ಮಾಡುತ್ತಿದ್ದ ನನಗೆ ಅಂಥದೊಂದು ಸಿಕ್ಕಿತು, ಅದುವರೆಗೆ ಯಾರ ಕಣ್ಣಿಗೂ ಬೀಳದ್ದು. ಆದರೆ ಹುಣ್ಣಿಮೆ ಚಂದ್ರನಷ್ಟು ಅಗಲದ ಆಕಾಶದಲ್ಲಿ ಅದು ಎಲ್ಲಿದೆಯೆಂದು ಗೊತ್ತಿರಲಿಲ್ಲ. ಜಾಗ ತೋರಿಸದಿದ್ದರೆ ಯಾರು ನಂಬುತ್ತಾರೆ?

ಜಾಗ ಹುಡುಕಲು, ದೂರ ದೂರ ನಿಲ್ಲಿಸಿದ ಆಂಟೆನಾಗಳನ್ನು ಎರಡೆರಡಾಗಿ ಜೋಡಿಸಿ ಲೆಕ್ಕ ಹಾಕಬೇಕು. ಆ ಲೆಕ್ಕದ ಪ್ರೋಗ್ರಾಮ್ ನನ್ನ ಗೈಡ್ ಬರೆದದ್ದು. ನಕ್ಷೆಯಲ್ಲಿ ಚುಕ್ಕೆ ಚೆನ್ನಾಗಿಯೇ ಮೂಡಿತು. ಎಲ್ಲ ಆಂಟೆನಾಗಳನ್ನೂ ಅದಕ್ಕೇ ಗುರಿಯಿಟ್ಟರೆ ಸದ್ದೇ ಇಲ್ಲ.

"ನಿಂಗೆ ಸಿಕ್ಕಿದ್ದು ಯಾವ್ದೋ ಮೋಟರ್ ಗಲಾಟೆ ಇರ್ಬೇಕಮ್ಮ. ಪ್ರೋಗ್ರಾಮ್ ಸರಿಯಾಗಿದೆ, ನಾನೇ ಚೆಕ್ ಮಾಡಿದೀನಿ," ಎಂದರು ಗೈಡ್. ಟೆಲಿಸ್ಕೋಪಿನಲ್ಲಿ ನಮಗಿನ್ನು ಒಂದೇ ಸರದಿ ಉಳಿದಿತ್ತು. ಅದನ್ನು ಬೇರೆ ಕೆಲಸಕ್ಕೆ ಕೊಟ್ಟುಬಿಡುವ ಯೋಚನೆ ಅವರದು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವಲ್ಲ ಎಂದು ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಆ ಭಾನುವಾರ ಇಂದಿರಾನಗರದ ಅವರ ಮನೆಯಲ್ಲಿ ಊಟ. ನಾನು ಕೃಷ್ಣರಾಜಪುರದ ಬಾಡಿಗೆ ಕೋಣೆಯಿಂದ ಬಸ್ಸು ಹಿಡಿದು ಹೋದೆ. ಆಕಾಶ ನೋಡುವ ಜನ ಎಡ ಬಲ ಎನ್ನುವುದಿಲ್ಲ. "ಸರ್ಕಲ್ಲಿಂದ ಪೂರ್ವಕ್ಕೆ, ಮೂರನೇ ಕ್ರಾಸ್" ಎಂದಿದ್ದರು. ಹಾಗೇ ಹೋದರೆ ಯಾರದೋ ಗೇಟು, ಒಳಗೆ ಬೊಗಳುವ ನಾಯಿ. ಕಾಯಿನ್ ಬೂತಿನಿಂದ ಫೋನ್ ಮಾಡಿದೆ. ಅವರ ಹೆಂಡತಿ ನಕ್ಕರು.

"ನೀವೂ ಪೂರ್ವಕ್ಕೆ ಹೋದ್ರಾ? ಅವ್ರು ಯಾವಾಗ್ಲೂ ಮನೆಯಿಂದ ಸರ್ಕಲ್ಲಿಗೆ ಹೋಗೋ ದಾರೀನೇ ಹೇಳೋದು. ಸರ್ಕಲ್ ದಾಟಿ ಆ ಕಡೆ ಅಷ್ಟೇ ದೂರ ಬನ್ನಿ."

ಬಿಸಿಲಲ್ಲಿ ಬೈದುಕೊಳ್ಳುತ್ತ ವಾಪಸು ಬರುವಾಗ, ಸರ್ಕಲ್ಲಿನಲ್ಲಿ ಕಾಲು ನಿಂತುಬಿಟ್ಟಿತು.

ಊಟಕ್ಕೆ ಕೂತಾಗ ಕೇಳಿದೆ, "ಸರ್, ಪ್ರೋಗ್ರಾಮ್ ಯಾವ್ದಿಟ್ಕೊಂಡು ಚೆಕ್ ಮಾಡಿದ್ರಿ?"

"ಗೊತ್ತಿರೋ ಪಲ್ಸಾರ್ ಒಂದನ್ನ. ನಡುಮಧ್ಯ ಇಟ್ಟಿದ್ದೆ, ನಡುಮಧ್ಯಾನೇ ಬಂತು."

"ಸರ್ಕಲ್ಲೂ ಅಷ್ಟೇ ಸರ್. ಯಾವ ಕಡೆಯಿಂದ ಲೆಕ್ಕ ಹಾಕಿದ್ರೂ ಅದು ಅಲ್ಲೇ ಇರತ್ತೆ."

ಸಾರನ್ನ ಕಲಸುತ್ತಿದ್ದ ಗೈಡ್ ಅವರ ಕೈ ಹಾಗೇ ನಿಂತಿತು. ಅವರ ಹೆಂಡತಿ ಮಾತ್ರ ಏನೂ ತಿಳಿಯದೆ ಇನ್ನಷ್ಟು ಅನ್ನ ಬಡಿಸಿದರು.

ಸೋಮವಾರ ಪ್ರೋಗ್ರಾಮ್ ತೆಗೆದು ನೋಡಿದೆವು. ಮೊದಲ ಆಂಟೆನಾದಿಂದ ಎರಡನೆಯದಕ್ಕೆ ಅಳೆಯಬೇಕಾದಲ್ಲೆಲ್ಲ ಎರಡನೆಯದರಿಂದ ಮೊದಲನೆಯದಕ್ಕೆ ಅಳೆದಿದ್ದರು. ನಡುವಿನ ಬಿಂದು ಬಿಟ್ಟು ಇಡೀ ಆಕಾಶವೇ ತಿರುಗಿ ಕೂತಿತ್ತು. ಕೊನೆಯ ಸರದಿಯಲ್ಲಿ ಆಂಟೆನಾಗಳನ್ನು ನಡುಬಿಂದುವಿನ ಆಚೆ ಕಡೆಗೆ, ಅಷ್ಟೇ ದೂರಕ್ಕೆ ತಿರುಗಿಸಿದೆವು.

ಟಿಕ್ ಟಿಕ್ ಎಷ್ಟು ಜೋರಾಗಿ ಬಂತೆಂದರೆ ನಾನು ನಗುತ್ತ ಕಣ್ಣೊರೆಸಿಕೊಂಡೆ. ಅಷ್ಟು ಸಂತೋಷ ಮತ್ತೆ ಯಾವ ಕೆಲಸದಲ್ಲೂ ಆಗಿಲ್ಲ.

"ಇದು ನಿಂದೇ ಕಣಮ್ಮ," ಎಂದರು ಗೈಡ್. ಆಮೇಲೆ, "ಮುಂದಿನ ಭಾನುವಾರ ಎಲ್ರನ್ನೂ ಊಟಕ್ಕೆ ಕರೀತೀನಿ. ದಾರಿ ನೀನೇ ಹೇಳ್ಬಿಡು."