ಏರಿನಲ್ಲಿ ನಿಲ್ಲುತ್ತಿದ್ದ ಗಾಡಿ

ಆಗ ನಮಗೆ ಬೆಳಗಾಗುತ್ತಿದ್ದುದು ಗಡಿಯಾರದಿಂದಲ್ಲ, ಪಾವು ಬ್ರೆಡ್ಡು ಮಾರುವವನ ಸೈಕಲ್ಲಿನ ಪೋಂ ಪೋಂ ಸದ್ದಿನಿಂದ. ಎರಡು ಸಾವಿರದ ಆರೋ ಏಳೋ ಇರಬೇಕು. ಗೋವೆಯ ಮಡಗಾಂವದ ಮೋತಿ ಡೊಂಗರಿನ ಮೇಲೆ, ಒಬ್ಬರ ತಗಡಿನ ಮಾಡು ಇನ್ನೊಬ್ಬರ ಅಂಗಳದ ಮಟ್ಟಕ್ಕೆ ಬರುವಂಥ ಇಕ್ಕಟ್ಟಿನಲ್ಲಿ ನಮ್ಮ ಮನೆಯಿತ್ತು. ಮುಂಜಾನೆ ಆ ಗುಡ್ಡ ಹತ್ತಿ ಬಂದವರಿಗೆ ಒಂದು ಮನೆಯಿಂದ ಜೋಳದ ರೊಟ್ಟಿ ಬಡಿಯುವ ಸದ್ದು, ಇನ್ನೊಂದು ಮನೆಯಿಂದ ಒಣಸೀಗಡಿ ಹುರಿಯುವ ವಾಸನೆ, ನಡುವೆ ಚರಂಡಿಯ ನಾತ. ಅಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಗಲಕೋಟೆ ಕಡೆಯಿಂದ ಬಂದ ನಮ್ಮ ಅಪ್ಪ ಹನಮಂತ ಮೊದಲು ಗೌಂಡಿಯ ಕೈಕೆಳಗೆ ಕಲ್ಲು ಹೊತ್ತಿದ್ದ. ಆಮೇಲೆ ಡ್ರೈವಿಂಗ್ ಕಲಿತು ಒಂದು ಹಳೆಯ ಡೀಸೆಲ್ ಪಿಕಪ್ಪು ಹಿಡಿದ. ಅದಕ್ಕೆ ಮುಂಚೆ ಮೀನಿನ ವ್ಯಾಪಾರಿಯೊಬ್ಬ ಅದರಲ್ಲಿ ಮೀನು ಸಾಗಿಸುತ್ತಿದ್ದನಂತೆ. ಎಷ್ಟು ತೊಳೆದರೂ ಬಿಸಿಲೇರಿದ ಕೂಡಲೇ ಹಲಗೆಗಳ ಸಂದಿಯಿಂದ ಬಂಗಡೆಯ ವಾಸನೆ ಏಳುತ್ತಿತ್ತು. ಕಟ್ಟಡ ಕೆಲಸಕ್ಕೆ ಸಿಮೆಂಟು, ಕಬ್ಬಿಣ, ಅದರ ಮೇಲೆ ಕೂಲಿ ಹೆಂಗಸರು, ಎಲ್ಲವನ್ನೂ ಅದು ಒಟ್ಟಿಗೇ ಹೊರುತ್ತಿತ್ತು.

ಆ ಹೆಂಗಸರಲ್ಲಿ ನನ್ನ ಅವ್ವನೂ ಇದ್ದಳು, ಅವ್ವನ ತಂಗಿ ಗಂಗವ್ವನೂ ಇದ್ದಳು. ಗಂಗವ್ವ ನನಗೆ ಚಿಗವ್ವ. ನಮ್ಮ ಜೊತೆಗೇ ಇರುತ್ತಿದ್ದಳು. ಗುಡ್ಡದ ಹೆಂಗಸರಲ್ಲೆಲ್ಲ ಕೊಂಕಣಿ ಬೇಗ ಕಲಿತವಳು ಅವಳು. ಮೀನಿನವಳ ಜೊತೆ ಚೌಕಾಸಿ ಮಾಡಿ, ಕೊನೆಗೆ ಅವಳನ್ನೇ ನಗಿಸಿ ಬರುತ್ತಿದ್ದಳು. ನನ್ನ ಜೊತೆ ಆಣೆಕಲ್ಲಿನ ಆಟಕ್ಕೆ ಕೂತರೆ ಚಿಕ್ಕವಳು ಅಂತ ಕರುಣೆ ತೋರಿಸಿದವಳಲ್ಲ. ಗೆಲ್ಲುವ ತನಕ ಏಳುತ್ತಿರಲಿಲ್ಲ.

ಅವಳಿಗೆ ಒಂದೇ ಹುಚ್ಚು, ಗಾಡಿ ಓಡಿಸೋದು ಕಲಿಯಬೇಕು. ಭಾನುವಾರ ಬಯಲಲ್ಲಿ ಅಪ್ಪ ಅವಳಿಗೆ ಸ್ಟಿಯರಿಂಗ್ ಕೊಡುತ್ತಿದ್ದ. ಅವಳು ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು, ನಾಲಿಗೆ ಕಚ್ಚಿಕೊಂಡು ಓಡಿಸುತ್ತಿದ್ದಳು.

"ಹೆಣ್ಣಮಗಳು ಡ್ರೈವರ್ ಆಗಿ ಯಾವ ಊರಿಗೆ ಹೊಂಟಿ?" ಅಂತ ಅವ್ವ ಕೇಳುತ್ತಿದ್ದಳು.

"ನಿನ್ನ ಕರಕೊಂಡು ನಮ್ಮೂರಿಗೇ ಹೋಗ್ತೀನಿ ಅಕ್ಕಾ. ಬಸ್ಸಿನ್ಯಾಗ ನಿಂದರೂದು ಸಾಕಾಗೇತಿ."

ಆ ವರ್ಷ ಮಳೆ ಹಿಡಿದ ಮೇಲೆ ಗಾಡಿಗೆ ಒಂದು ರೋಗ ಶುರುವಾಯಿತು. ಮುಂಜಾನೆ ಒಂದೇ ಕೀಲಿಗೆ ಸ್ಟಾರ್ಟ್ ಆಗುತ್ತಿತ್ತು, ಸಪಾಟು ರಸ್ತೆಯಲ್ಲಿ ಚಲೋ ಓಡುತ್ತಿತ್ತು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಬೋರಿ ಸೇತುವೆ ದಾಟಿ ಏರು ಬಂತೆಂದರೆ ಮಾತ್ರ ಕಸುವು ಬಸಿದುಹೋಗುತ್ತಿತ್ತು. ಅಪ್ಪ ಎಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಳೆಯುತ್ತಿರಲಿಲ್ಲ. ಎರಡು ಸಲ ಕೆಮ್ಮಿ ಎಂಜಿನ್ ಸತ್ತುಹೋಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುವಿದರೆ ಏನೂ ಆಗದ ಹಾಗೆ ಮತ್ತೆ ಶುರು.

ಎಂಜಿನ್ ಸತ್ತ ಕೂಡಲೇ ಬ್ರೇಕೂ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಅಪ್ಪ ಸೀಟಿನಿಂದ ಎದ್ದು, ಎರಡೂ ಕಾಲು ಪೆಡಲಿನ ಮೇಲೆ ಹೇರಿ ನಿಲ್ಲುತ್ತಿದ್ದ. ಆಗ ಹಿಂದಿನಿಂದ ಚಿಗವ್ವ ಜಿಗಿದು, ಒಂದು ಮರದ ತುಂಡನ್ನು ಗಾಲಿಯ ಹಿಂದೆ ಒತ್ತುತ್ತಿದ್ದಳು. "ಹಾಕೇನಿ ಭಾವ," ಅನ್ನುತ್ತಿದ್ದಳು. ಆಮೇಲೆಯೇ ಅಪ್ಪ ಕಾಲು ಸಡಿಲಿಸುತ್ತಿದ್ದ. ಈ ಕೆಲಸವನ್ನು ಅವಳಿಗೆ ಯಾರೂ ಹಚ್ಚಿರಲಿಲ್ಲ. ಎಲ್ಲರಿಗಿಂತ ಚುರುಕಾಗಿದ್ದಳು, ಹಾಗಾಗಿ ಅದು ಅವಳದಾಯಿತು.

ಮೆಕ್ಯಾನಿಕ್ ಕೈತಾನ್ ಗುಡ್ಡದ ಕೆಳಗೆ ಒಂದು ಹಲಸಿನ ಮರದಡಿ ಗ್ಯಾರೇಜು ಇಟ್ಟಿದ್ದ. ವಯಸ್ಸಾದ ಮನುಷ್ಯ. ಕೊಂಕಣಿ, ಹಿಂದಿ, ನಮ್ಮವರಿಂದ ಕಲಿತ ಮುರುಕು ಕನ್ನಡ ಮೂರನ್ನೂ ಕಲಸಿ ಮಾತಾಡುತ್ತಿದ್ದ. ಮೊದಲ ಸಲ ಅವನು ಡೀಸೆಲ್ ಫಿಲ್ಟರ್ ಬಿಚ್ಚಿ ಬಸಿದ. ತಳದಲ್ಲಿ ನೀರು ಬಂತು. "ಮಳಿ ನೀರು ಹೋಗಿದೆ. ಹೊಸಾ ಫಿಲ್ಟರ್ ಹಾಕ್ತೆ, ಆಯ್ತು," ಅಂದ. ಕೆಲವು ದಿನ ಗಾಡಿ ಚೆನ್ನಾಗಿ ಓಡಿತು. ಅಪ್ಪ ಸಂಜೆ ನನಗೂ ಚಿಗವ್ವನಿಗೂ ಬಿಸಿ ಬಿಸಿ ಮಿರ್ಚಿ ಭಜಿ ತಂದ. ಆಮೇಲೆ ಅದೇ ಏರಿನಲ್ಲಿ ಮತ್ತೆ ನಿಂತಿತು.

ಎರಡನೆಯ ಸಲ ಕೈತಾನ್ ಡೀಸೆಲ್ ಹೋಗುವ ರಬ್ಬರ್ ಪೈಪಿನ ಮೇಲೆ ಬೆರಳಾಡಿಸಿದ. ಅದು ಅಲ್ಲಲ್ಲಿ ಬಿರುಕು ಬಿಟ್ಟಿತ್ತು. "ಹವಾ ಘೆತಾ. ಗಾಳಿ ಎಳೀತದೆ ಹನಮಂತ್, ಡೀಸೆಲ್ ಜೊತೆ," ಅಂತ ಪೈಪು ಬದಲಿಸಿದ. ಮತ್ತೆ ಕೆಲವು ದಿನ ಆರಾಮ, ಮತ್ತೆ ಅದೇ ಕತೆ. ನಿಲ್ಲುವ ಮುಂಚೆ ಕರಿ ಹೊಗೆ ಬರುತ್ತದೆಯೇ ಅಂತ ಕೇಳಿದ. ಇಲ್ಲ ಅಂದಾಗ, ಎಂಜಿನ್ನಿಗೆ ಗಾಳಿ ಕಡಿಮೆಯಾಗಿಲ್ಲ, ಡೀಸೆಲ್ಲೇ ಮೇಲೆ ಬರುತ್ತಿಲ್ಲ ಅಂತ ತಲೆ ಕೆರೆದುಕೊಂಡ. ಡೀಸೆಲ್ ಚಿಮ್ಮುವ ನಾಜಲ್‌ಗಳನ್ನು ಬಿಚ್ಚಿಸಿದ. ಪಂಪನ್ನು ಅದರ ಕಸುಬಿನವರ ಹತ್ತಿರ ಕಳಿಸಿ ತೆರೆಸಿ ತರಿಸಿದ. ಬಿಸಿಗೆ ಹೀಗಾಗುತ್ತಿರಬಹುದೆಂದು ಯಾರೋ ಅಂದಿದ್ದಕ್ಕೆ ಅಪ್ಪ ಪಂಪಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಓಡಿಸಿದ.

ಗಾಡಿಯನ್ನು ಗ್ಯಾರೇಜಿಗೆ ತಂದು ನಿಲ್ಲಿಸಿದರೆ ಅದಕ್ಕೆ ಯಾವ ರೋಗವೂ ಇರುತ್ತಿರಲಿಲ್ಲ. ಕೈತಾನ್ ಗಂಟೆಗಟ್ಟಲೆ ಎಂಜಿನ್ ಓಡಿಸಿಟ್ಟು ಪಕ್ಕದಲ್ಲಿ ಬೀಡಿ ಸೇದುತ್ತ ಕೂತಿರುತ್ತಿದ್ದ. ಅದು ಸಮಾಧಾನವಾಗಿ ಗುರುಗುಡುತ್ತಿತ್ತು.

ಚಿಗವ್ವ ಒಂದು ದಿನ ಅವನಿಗೆ ಹೇಳಿದಳು. ಫಿಲ್ಟರಿನ ಮೇಲೆ ಕೈಯಿಂದ ಒತ್ತುವ ಒಂದು ಗುಂಡಿ ಇತ್ತು, ಡೀಸೆಲ್ ಎಳೆಯುವ ಸಣ್ಣ ಪಂಪು. "ಏರಿನ್ಯಾಗ ನಿಂತಾಗ ಆ ಗುಂಡಿ ಒತ್ತಿ ನೋಡೇನ್ರಿ. ಒತ್ತಿದ್ದು ಮ್ಯಾಲ ಬರವಲ್ದು. ಕೆಳಗಿಂದ ಯಾರೋ ಹಿಡದಂಗ ಆಗತೈತಿ."

ಕೈತಾನ್ ಗುಂಡಿ ಒತ್ತಿ ನೋಡಿದ. ಅದು ಸರಿಯಾಗಿ ಮೇಲೆದ್ದಿತು. "ಒಳಗಿನ ರಬ್ಬರ್ ಹಳೇದು, ಬಾಯೆ. ಬದಲಿ ಮಾಡುವಾ," ಅಂದ. ಬದಲಿಸಿದ ಕೂಡ. ಅವನು ಉಡಾಫೆ ಮಾಡಿದವನಲ್ಲ. ಕಂಡದ್ದನ್ನೆಲ್ಲ ಸರಿ ಮಾಡಿದ, ಕಾಣದ್ದು ಉಳಿಯಿತು. ಈಗ ಯೋಚಿಸಿದರೆ ಒಂದು ಮಾತು ಎದೆಗೆ ನಾಟುತ್ತದೆ. ಗಾಡಿ ಯಾಕೆ ಓಡುತ್ತಿಲ್ಲ ಅಂತ ನಾವೆಲ್ಲ ಹುಡುಕುತ್ತಿದ್ದೆವು. ಅದು ನಿಂತಾಗ ಸರಿಯಾಗಿ ನಿಂತಿರುತ್ತದೆಯೇ ಅಂತ ಯಾರೂ ನೋಡಲಿಲ್ಲ. ಹ್ಯಾಂಡ್‌ಬ್ರೇಕಿನ ತಂತಿ ಯಾವತ್ತೋ ಜೋತುಬಿದ್ದಿತ್ತು. ಮರದ ತುಂಡು ಇತ್ತಲ್ಲ, ಚಿಗವ್ವ ಇದ್ದಳಲ್ಲ.

ಗಣೇಶ ಚವತಿಗೆ ನಮ್ಮ ಶಾಲೆಗೆ ರಜೆ ಬಿಟ್ಟಿತ್ತು. ಒಬ್ಬಳೇ ಮನೆಯಲ್ಲಿ ಯಾಕೆಂದು ಅವ್ವ ನನ್ನನ್ನೂ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಮಡ್ಕಯಿಯಲ್ಲಿ ಒಂದು ಕಾರ್ಖಾನೆಗೆ ಹೊಸ ಶೆಡ್ಡು ಏಳುತ್ತಿತ್ತು. ಡಾಂಬರು ರಸ್ತೆ ಬಿಟ್ಟು ಒಳಗೆ ಹೋಗಲು ಕೆಂಪು ಮಣ್ಣಿನ ಒಂದು ಏರು. ಅದರ ಒಂದು ಪಕ್ಕಕ್ಕೆ ಕಟ್ಟಡದ ಚಿರೆಕಲ್ಲನ್ನು ಆಳೆತ್ತರ ಜೋಡಿಸಿಟ್ಟಿದ್ದರು.

ಅವತ್ತು ಬೆಳಿಗ್ಗೆ ಜಿನುಗು ಮಳೆ. ನಾನೂ ಅವ್ವನೂ ಅಪ್ಪನ ಪಕ್ಕದಲ್ಲಿ ಕೂತಿದ್ದೆವು. ಹಿಂದೆ ಸಿಮೆಂಟಿನ ಚೀಲ, ಅದರ ಮೇಲೆ ತಾಡಪಾಲು, ಅದರ ಮೇಲೆ ಚಿಗವ್ವ ಮತ್ತು ಉಳಿದ ಹೆಂಗಸರು. ಬೋರಿಯ ಏರನ್ನು ಗಾಡಿ ನಿಲ್ಲದೆ ಹತ್ತಿದ್ದಕ್ಕೆ ಅಪ್ಪ ಖುಷಿಯಲ್ಲಿದ್ದ. ಮಣ್ಣಿನ ಏರಿನ ಅರ್ಧಕ್ಕೆ ಬಂದಾಗ ಎಂಜಿನ್ ಕೆಮ್ಮಿತು, ಸತ್ತಿತು. ಗಾಡಿ ಸ್ವಲ್ಪ ಹಿಂದೆ ಜಾರಿ, ಓರೆಯಾಗಿ, ಕಲ್ಲಿನ ಸಾಲಿನ ಕಡೆ ಬೆನ್ನು ಮಾಡಿ ನಿಂತಿತು. ಅಪ್ಪ ಎಂದಿನಂತೆ ಪೆಡಲಿನ ಮೇಲೆ ಎದ್ದು ನಿಂತ. ಹಿಂದೆ ಯಾರೋ ಜಿಗಿದ ಸದ್ದಾಯಿತು.

"ಹಾಕೇನಿ ಭಾವ."

ಅಪ್ಪ ಕಾಲು ಸಡಿಲಿಸಿದ. ಮಣ್ಣು ಸಬಕಾರದ ಹಾಗಾಗಿತ್ತು. ಮರದ ತುಂಡು ಗಾಲಿಯ ಜೊತೆಗೇ ಜಾರಿತು. ಚಿಗವ್ವ ಪಕ್ಕಕ್ಕೆ ಹಾರಬಹುದಿತ್ತು. ತುಂಡನ್ನು ಮತ್ತೆ ಒತ್ತಲು ಬಗ್ಗಿದಳು ಅಂತ ಮೇಲಿದ್ದ ಹೆಂಗಸರು ಆಮೇಲೆ ಹೇಳಿದರು. ಅಪ್ಪ ಮತ್ತೆ ಪೆಡಲಿನ ಮೇಲೆ ಬಿದ್ದ, ಗಾಡಿ ಕೇಳಲಿಲ್ಲ. ಬಹಳ ದೂರವೇನೂ ಹೋಗಲಿಲ್ಲ. ಕಲ್ಲಿನ ಸಾಲಿಗೆ ತಾಗಿ ನಿಂತಿತು. ದೊಡ್ಡ ಸದ್ದೇನೂ ಆಗಲಿಲ್ಲ.

ಹೆಂಗಸರೆಲ್ಲ ಇಳಿದು, ಶೆಡ್ಡಿನ ಗಂಡಾಳುಗಳೂ ಓಡಿಬಂದು, ಗಾಡಿಯನ್ನು ಕೈಯಿಂದ ಮುಂದಕ್ಕೆ ನೂಕಿದರು. ಚಿಗವ್ವ ಕಲ್ಲಿಗೆ ಒರಗಿದಂತೆ ನಿಂತೇ ಇದ್ದಳು, ಆಮೇಲೆ ಕುಸಿದಳು. ಮೈಮೇಲೆ ರಕ್ತ ಕಾಣಲಿಲ್ಲ. ಅವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಏನೂ ಆಗಿಲ್ಲಕ್ಕಾ. ನಡ ಹಿಡದೈತಿ ಅಷ್ಟ," ಅಂದಳು ಚಿಗವ್ವ. ನನ್ನನ್ನು ನೋಡಿ, "ಈಕಿನ್ನ ಅತ್ಲಾಗ ಕರಕೊಂಡು ಹೋಗ್ರಿ, ಹೆದರತೈತಿ ಕೂಸು," ಅಂದಳು. ಯಾರೂ ನನ್ನನ್ನು ಕರೆದುಕೊಂಡು ಹೋಗಲಿಲ್ಲ.

ಹತ್ತಿರದಲ್ಲಿ ಬೇರೆ ಗಾಡಿ ಇರಲಿಲ್ಲ. ಅಪ್ಪ ಕೀಲಿ ತಿರುವಿದ. ಪಿಕಪ್ಪು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸಿಮೆಂಟ್ ಚೀಲಗಳ ಮೇಲೆ ಚಿಗವ್ವನನ್ನು ಮಲಗಿಸಿ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಏರೂ ಇತ್ತು, ಇಳುಕಲೂ ಇತ್ತು. ಅವತ್ತು ಅದು ಒಂದು ಸಲವೂ ಕೆಮ್ಮಲಿಲ್ಲ, ಎಲ್ಲಿಯೂ ನಿಲ್ಲಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅವ್ವ ಅವಳ ಕೆನ್ನೆ ತಟ್ಟುತ್ತಿದ್ದಳು. ಒಳಗಿಂದ ಬಂದ ನರ್ಸು ಮುಟ್ಟಿ ನೋಡಿ, ಅವ್ವನ ಕೈಯನ್ನು ಮೆಲ್ಲಗೆ ಸರಿಸಿದಳು.

ಪೊಲೀಸರು ಗಾಡಿಯನ್ನು ಠಾಣೆಯ ಅಂಗಳದಲ್ಲಿ ನಿಲ್ಲಿಸಿಕೊಂಡರು. ಅಪ್ಪನನ್ನು ಕೂರಿಸಿ ಕೇಳಿ, ಕೊನೆಗೆ ಬಿಟ್ಟರು. ನಾವು ಚಿಗವ್ವನನ್ನು ಊರಿಗೆ ಒಯ್ದೆವು. ಮಣ್ಣು ಮಾಡಿ ಬಂದ ಮೇಲೆ ಅಮ್ಮ, ಅಂದರೆ ಅವ್ವನ ಅವ್ವ, ಹೊರಸಿನ ಮೇಲೆ ಕೂತಿದ್ದಳು. ಅಪ್ಪ ಹೋಗಿ ಅವಳ ಕಾಲ ಹತ್ತಿರ ಕುಳಿತ. ಅವಳು ಅವನ ಕಡೆ ನೋಡದೆ ಹೇಳಿದಳು:

"ನಿನ್ನ ಕೈಯಾಗ ಇಬ್ಬರನ್ನ ಕೊಟ್ಟಿದ್ದೆ. ಉಳದಾಕಿನ್ನ ಕರಕೊಂಡು ಹೋಗು. ಇನ್ನ ಈ ಬಾಗಲಿಗೆ ಬರಬ್ಯಾಡ್ರಿ."

ಅವ್ವ ಒಲೆಯ ಹತ್ತಿರ ನಿಂತಿದ್ದಳು. ನನ್ನ ಕೈ ಹಿಡಿದು ಹೊರಗೆ ಬಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಪ್ಪ ಒಂದು ಸೀಟಿನಲ್ಲಿ, ನಾವಿಬ್ಬರೂ ಇನ್ನೊಂದರಲ್ಲಿ.

ಪೊಲೀಸರು ಗಾಡಿ ಬಿಟ್ಟುಕೊಟ್ಟ ಮೇಲೆ ಕೈತಾನ್ ತಾನೇ ಬಂದು ಅದನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋದ. ಈ ಸಲ ಡೀಸೆಲ್ ಟ್ಯಾಂಕನ್ನೇ ಕೆಳಗಿಳಿಸಿ, ಎಲ್ಲ ಬಸಿದು, ತಲೆಕೆಳಗೆ ಮಾಡಿ ಅಲ್ಲಾಡಿಸಿದ. ಒಂದು ನೀಲಿ ಪ್ಲಾಸ್ಟಿಕ್ಕಿನ ಚೂರು ಜಾರಿ ಬಿತ್ತು. ಯಾವುದೋ ಡಬ್ಬಿಯ ಬಾಯಿಗೆ ಕಟ್ಟಿದ ಹಾಳೆಯ ತುಂಡಿರಬೇಕು, ಮಾವಿನ ಎಲೆಯಷ್ಟೂ ಇರಲಿಲ್ಲ. ಯಾವಾಗ ಬಿತ್ತು, ಯಾರ ಕೈಯಿಂದ ಬಿತ್ತು, ಗೊತ್ತಿಲ್ಲ. ಏರಿನಲ್ಲಿ ಎಂಜಿನ್ ಹೆಚ್ಚು ಡೀಸೆಲ್ ಎಳೆದಾಗ ಅದು ತೇಲಿ ಬಂದು ಪೈಪಿನ ಬಾಯಿ ಮುಚ್ಚುತ್ತಿತ್ತು. ಎಂಜಿನ್ ನಿಂತು ಎಳೆತ ಸಡಿಲಾದರೆ ಕಳಚಿಕೊಂಡು ಹಿಂದೆ ಹೋಗುತ್ತಿತ್ತು.

"ಆ ಹುಡುಗಿ ಹೇಳಿದ್ದಳು, ಕೆಳಗಿಂದ ಯಾರೋ ಹಿಡೀತಾರೆ ಅಂತ," ಅಂದ ಕೈತಾನ್. ಆಮೇಲೆ ಟೊಪ್ಪಿಗೆ ತೆಗೆದು ಮರದ ಬುಡದಲ್ಲಿ ಕೂತುಬಿಟ್ಟ.

ಅಪ್ಪ ಆ ಚೂರನ್ನು ಮನೆಗೆ ತಂದು ಅವ್ವನ ಮುಂದೆ ಇಟ್ಟ. ಅವ್ವ ಅದನ್ನು ಬೆರಳಿಂದ ಮುಟ್ಟಿದಳು.

"ಇಷ್ಟಕ್ಕನ?" ಅಂದಳು.

ಅವ್ವ ಅದನ್ನು ಒಲೆಗೆ ಹಾಕಿದಳು. ಮನೆಯೆಲ್ಲ ಸುಟ್ಟ ನಾತ ತುಂಬಿಕೊಂಡಿತು, ಬಹಳ ಹೊತ್ತು ಹೋಗಲಿಲ್ಲ.

ಹ್ಯಾಂಡ್‌ಬ್ರೇಕಿಗೆ ಹೊಸ ತಂತಿ ಹಾಕಿಸಿ ಅಪ್ಪ ಅದೇ ಗಾಡಿ ಓಡಿಸಿದ. ಕಲ್ಲು ಹೊರುವುದು ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ. ಗಾಡಿ ಮತ್ತೆ ಯಾವ ಏರಿನಲ್ಲೂ ನಿಲ್ಲಲಿಲ್ಲ. ಹೆಂಗಸರನ್ನು ಮಾತ್ರ ಅವನು ಹಿಂದೆ ಕೂರಿಸಿಕೊಳ್ಳಲಿಲ್ಲ. ಅವ್ವ ಬಸ್ಸಿಗೆ ಹೋಗುತ್ತಿದ್ದಳು. ಒಂದೇ ಜಾಗದಲ್ಲಿ ಕೆಲಸವಿದ್ದ ದಿನಗಳಲ್ಲೂ ಅವರಿಬ್ಬರೂ ಬೇರೆ ಬೇರೆ ಹೊರಟು ಬೇರೆ ಬೇರೆ ಬರುತ್ತಿದ್ದರು. ಜಗಳವೇನೂ ಇರಲಿಲ್ಲ. ಊಟಕ್ಕೆ ನೀಡುವಾಗ, ನನ್ನ ಶಾಲೆಯ ಸಂಗತಿಗೆ ಎಷ್ಟು ಬೇಕೋ ಅಷ್ಟು ಮಾತಾಡುತ್ತಿದ್ದರು.

ಶ್ರಾವಣದಲ್ಲಿ ಪಂಚಮಿ ಬಂದರೆ ಮೋತಿ ಡೊಂಗರಿನ ನಮ್ಮ ಕಡೆಯ ಹೆಂಗಸರೆಲ್ಲ ಗಂಟು ಕಟ್ಟಿಕೊಂಡು ತವರಿಗೆ ಹೊರಡುತ್ತಿದ್ದರು. "ನೀ ಬರೂದಿಲ್ಲೇನ?" ಅಂತ ಯಾರಾದರೂ ಕೇಳಿದರೆ, "ಬಸ್ಸಿನ್ಯಾಗ ಭಾಳ ಗದ್ಲ ಇರತೈತಿ, ಆಮ್ಯಾಲ ಹೋಗತೇನಿ," ಅನ್ನುತ್ತಿದ್ದಳು ಅವ್ವ. ಆ 'ಆಮ್ಯಾಲ' ಬರಲೇ ಇಲ್ಲ. ಅಮ್ಮ ತೀರಿದ ಸುದ್ದಿ ನಮಗೆ ಮುಟ್ಟಿದ್ದು, ತಿಥಿ ಕಾರ್ಯಗಳೆಲ್ಲ ಮುಗಿದ ಮೇಲೆ, ಊರಿನ ಬೇರೆ ಯಾರದೋ ಫೋನಿನಿಂದ.

ಅಪ್ಪನೂ ಈಗ ಇಲ್ಲ. ಪಿಕಪ್ಪು ಗುಜರಿಗೆ ಹೋಗಿ ಕಾಲವಾಯಿತು. ಚಿಗವ್ವ ಬದುಕಿದ್ದ ವಯಸ್ಸನ್ನು ನಾನು ಯಾವಾಗಲೋ ದಾಟಿದ್ದೇನೆ. ಅವಳದೊಂದು ಫೋಟೋವೂ ನಮ್ಮಲ್ಲಿಲ್ಲ. ತೆಗೆಸುವಷ್ಟು ಪುರುಸೊತ್ತು ಆಗ ಯಾರಿಗೂ ಇರಲಿಲ್ಲ. ಅವಳ ಮುಖ ನೆನಪಿಸಿಕೊಳ್ಳಲು ಕೂತರೆ ಇತ್ತೀಚೆಗೆ ಅವ್ವನ ಮುಖವೇ ಬರುತ್ತದೆ, ಅದೂ ಈಗಿನ ಅವ್ವನದು, ಕೆನ್ನೆ ಬಿದ್ದದ್ದು, ಬಾಯಿ ಬಿಗಿದದ್ದು. ಚಿಗವ್ವನಿಗೆ ಅಂಥ ಮುಖ ಯಾವತ್ತೂ ಇರಲಿಲ್ಲ.