ಇಳಿಜಾರಿನಲ್ಲಿ ಹಲ್ಲಿ ಮೇಸ್ತ್ರಿ

ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವುದು ಅವನ ಕಸುಬು. ಸದಾ ಗೋಡೆಗೆ ಅಂಟಿಕೊಂಡಿರುತ್ತಿದ್ದ ಅವನನ್ನು ಜೊತೆಯವರು ಹಲ್ಲಿ ಮೇಸ್ತ್ರಿ ಎನ್ನುತ್ತಿದ್ದರು. “ಬಿದ್ರೆ ಬಾಲ ಬಿಟ್ಟು ಓಡ್ತೀನಿ ಬಿಡ್ರೋ” ಎಂದು ಅವನೂ ನಗುತ್ತಿದ್ದ. ಒಮ್ಮೆ ಹತ್ತಿ ನಿಂತಿದ್ದ ಬೊಂಬಿನ ಸಾರುವೆ ಕುಸಿದು ನಿಜವಾಗಿಯೇ ಬಿದ್ದ. ಸೊಂಟದ ಕೆಳಗೆ ಸ್ವಾಧೀನ ತಪ್ಪಿತು.

ಗಾಲಿಕುರ್ಚಿ ಬಂತು, ಅದರ ಜೊತೆಗೇ ಭಯವೂ ಬಂತು. ಹೊಸ್ತಿಲಿಗೆ ಒರಗಿಸಿದ ಹಲಗೆಯ ಮೇಲೆ ಕುರ್ಚಿ ಇಳಿಸುವಾಗಲೂ ಅವನು ಬೆವರುತ್ತಿದ್ದ. ಹಾಗೆ ಮನೆ ಹಿಡಿದು ವರ್ಷಗಳೇ ಕಳೆದವು.

ಹೆಂಡತಿಗೆ ಇಸ್ತ್ರಿ ಅಂಗಡಿಯಲ್ಲಿ ಕೆಲಸ. ಒಂದು ದಿನ ಅಲ್ಲಿಂದ ಸುದ್ದಿ ತಂದಳು. “ರೀ, ಊರಾಚೆ ಪಾರ್ಕಲ್ಲಿ ಗಾಲಿಕುರ್ಚಿಗೆ ಅಂತಲೇ ಹಲಗೆ ದಾರಿ ಮಾಡಿದಾರಂತೆ. ಕಾಡೊಳಗೆ ಕೆರೆವರೆಗೂ ಹೋಗಬಹುದಂತೆ.”

“ನನಗೆ ಆ ಕಾಡೂ ಬೇಡ, ಕೆರೆನೂ ಬೇಡ.”

“ನನಗೆ ಬೇಕು. ನಿಮ್ಮ ಜೊತೆ ನಾನೂ ಗೋಡೆ ನೋಡ್ಕೊಂಡು ಕೂತಿಲ್ವಾ?”

ಅವನು ಹೊಸ್ತಿಲ ಕಡೆ ಕುರ್ಚಿ ತಿರುಗಿಸಿದ.

ಹೋದರು. ಹಲಗೆ ದಾರಿಯ ಎರಡೂ ಬದಿಗೆ ಹಿಡಿದುಕೊಳ್ಳಲು ಮರದ ಕಟಕಟೆಯಿತ್ತು. ಮರಗಳು ದಟ್ಟವಾಗಿ, ದಾರಿ ಇಳಿಜಾರಾದ ಕಡೆ ಒಂದು ಹಲಗೆ ಸೀಳಿತ್ತು. ಮುಂದಿನ ಪುಟ್ಟ ಗಾಲಿ ಅದರಲ್ಲಿ ಸಿಕ್ಕಿಕೊಂಡಿತು. ಅವಳು ಎಳೆದಳು, ಎತ್ತಿದಳು. ಜಪ್ಪಯ್ಯ ಎಂದರೂ ಕದಲಲಿಲ್ಲ. ಫೋನಿಗೆ ಸಿಗ್ನಲ್ಲೂ ಇಲ್ಲ. ಬ್ರೇಕ್ ಹಾಕಿ, “ಅಲ್ಲಾಡಬೇಡಿ, ಕಾವಲಿನವರನ್ನ ಕರ್ಕೊಂಡು ಬರ್ತೀನಿ” ಎಂದು ಗೇಟಿನ ಕಡೆ ಓಡಿದಳು.

ಅವಳ ಹೆಜ್ಜೆ ಸದ್ದು ಅಡಗಿದ ಮೇಲೆ ಕಾಡು ಬೇರೆಯೇ ಆಯಿತು. ಎಲ್ಲೋ ಕೊಂಬೆ ಮುರಿಯಿತು. ಪೊದೆಯೊಳಗೆ ಏನೋ ಸರಸರ ಎಂದಿತು, ನಿಂತಿತು, ಮತ್ತೆ ಹತ್ತಿರದಲ್ಲೇ ಎಂದಿತು. ಅವನು ಉಸಿರು ಬಿಗಿಹಿಡಿದ. ಓಡುವ ಕಾಲಿಲ್ಲ, ಕೂಗೋಣವೆಂದರೆ ನಾಲಿಗೆಯೇ ಒಣಗಿತ್ತು. ಅಷ್ಟರಲ್ಲಿ ದೊಡ್ಡ ಹಕ್ಕಿಯೊಂದು ಪಟಪಟನೆ ಮುಖದ ಮುಂದೆಯೇ ಹಾರಿತು. ಬೆಚ್ಚಿ ಮೈ ಒದರಿದ. ಅದೇ ಏಟಿಗೆ ಗಾಲಿ ಸೀಳಿನಿಂದ ಕಿತ್ತುಬಂತು.

ಪಾಚಿ ಕಟ್ಟಿದ ಹಲಗೆಯ ಮೇಲೆ ಬ್ರೇಕ್ ನಿಲ್ಲಲಿಲ್ಲ. ಕುರ್ಚಿ ಜಾರತೊಡಗಿತು. ಮತ್ತೆ ಸಾರುವೆ ಕುಸಿದಂತೆಯೇ ಆಯಿತು. ಕಟಕಟೆಗೆ ಕೈ ಹಾಕಿದ. ಅಂಗೈ ಚರ್ಮ ಸುಲಿಯಿತು, ತೋಳು ಕಿತ್ತುಬಂದಂತಾಯಿತು. ಕುರ್ಚಿ ಅಡ್ಡ ತಿರುಗಿ ನಿಂತಿತು. ನಿಂತ ಮೇಲೂ ಅವನು ಹಿಡಿತ ಬಿಡಲಿಲ್ಲ.

ಹೆಂಡತಿ, ಕಾವಲುಗಾರ ಇಬ್ಬರೂ ಓಡಿಬಂದಾಗ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

“ಬಿಡಿ ಸಾರ್, ನಾನು ಹಿಡಿದಿದೀನಿ” ಎಂದ ಕಾವಲುಗಾರ.

ಅವಳು ಬಿಕ್ಕುತ್ತಿದ್ದಳು. “ನನ್ನದೇ ತಪ್ಪು. ಮನೆಗೆ ಹೋಗೋಣ ರೀ.”

ಅವನು ಅವಳ ಮುಖ ನೋಡಿದ. ಗೋಡೆ ನೋಡಿಕೊಂಡು ಕೂತವಳು. “ಕೆರೆ ಇನ್ನೆಷ್ಟು ದೂರ?” ಎಂದು ಕೇಳಿದ.

“ಆ ತಿರುವು ದಾಟಿದ್ರೆ ಸಿಕ್ತು” ಎಂದ ಕಾವಲುಗಾರ.

“ಹಾಗಾದ್ರೆ ನಡೀರಿ. ಕುರ್ಚಿ ಮಾತ್ರ ಬಿಟ್ಟೀರಾ, ಜೋಕೆ!”

ಕೆರೆ ದಂಡೆಯಲ್ಲಿ ಅವನ ಕೈಗೆ ಕರವಸ್ತ್ರ ಕಟ್ಟಿ ಅವಳು ಬೆಂಚಿನ ಮೇಲೆ ಕೂತಳು. ಕಾಲು ಚಾಚಿ, ನೀರು ನೋಡುತ್ತಲೇ ನಿದ್ದೆಹೋದಳು. ಅವನು ಇನ್ನೂ ಗಾಲಿ ಬಿಗಿಹಿಡಿದೇ ಕೂತಿದ್ದ. ಹಿಂದಿರುಗಿ ಹತ್ತಬೇಕಾದ ಇಳಿಜಾರಿನ ಮೇಲೇ ಕಣ್ಣಿಟ್ಟಿದ್ದ. ಆದರೂ ಅವಳನ್ನು ಎಬ್ಬಿಸಲಿಲ್ಲ.