ಅಪ್ಪನ ಹಲ್ಲಿನ ಸೆಟ್ಟು

ಹಲ್ಲಿನ ಡಾಕ್ಟರ ಹತ್ರ ಹೋದವರು ಯಾರಾದ್ರೂ ಖುಷಿಯಾಗಿ ವಾಪಸ್ ಬರ್ತಾರಾ? ನಾನು ಬಂದೆ. ವಿಜಯನಗರದ ಆ ಕ್ಲಿನಿಕ್ಕಿನ ಮೆಟ್ಟಿಲನ್ನ ಮೂರು ವರ್ಷದ ಮಗಳನ್ನ ಎತ್ತಿಕೊಂಡು ಹೆಚ್ಚುಕಮ್ಮಿ ಹಾರಿಕೊಂಡೇ ಇಳಿದೆ.

ಮಗಳ ಹಾಲುಹಲ್ಲು ಬೂದು ಬಣ್ಣ, ಅಂಚು ಆಗಲೇ ಸವೆದಿತ್ತು. ನನ್ನವೂ ಚಿಕ್ಕಂದಿನಲ್ಲಿ ಥೇಟ್ ಹಾಗೇ ಇದ್ವು. ಈಗ ಬಾಯಿತುಂಬ ಕ್ಯಾಪು. ಬ್ರಷ್ ಮಾಡದ ಸೋಮಾರಿ ಅಂತ ನೆಂಟರು ಆಡ್ಕೊಂಡ್ರು. ಬೋರ್‌ವೆಲ್ ನೀರಿನ ದೋಷ ಅಂದ್ರು ಆಗಿನ ಡಾಕ್ಟರು. ಬಸಿರಲ್ಲಿದ್ದಾಗ ಅಮ್ಮ ಪಥ್ಯ ಮಾಡ್ಲಿಲ್ಲ ಅಂತ ಅಪ್ಪನ ಅಮ್ಮ ಸಾಯೋ ತನಕ ಅಂದ್ರು. ಮಗಳಿಗೂ ಅದೇ ಪಾಡಾಗಬಾರದು ಅಂತಲೇ ಇಲ್ಲಿಗೆ ಕರ್ಕೊಂಡು ಬಂದಿದ್ದೆ.

ಈ ಡಾಕ್ಟರಮ್ಮ ಎಕ್ಸ್‌ರೇ ನೋಡಿ ಬೇರೇನೇ ಹೇಳಿದ್ರು. ಮೇಲಿನ ಎನಾಮಲ್ ಚೆನ್ನಾಗೇ ಇದೆಯಂತೆ, ಅದರಡಿಯ ಡೆಂಟಿನ್ ಅನ್ನೋ ಪದರ ಹುಟ್ಟಿನಿಂದಲೇ ಮೆತ್ತಗೆ. ಗೋಡೆ ಗಟ್ಟಿ ಇಲ್ದಿದ್ರೆ ಗಾರೆ ಉದುರುತ್ತಲ್ಲ, ಹಾಗೆ ಎನಾಮಲ್ ಚಕ್ಕೆ ಚಕ್ಕೆಯಾಗಿ ಏಳುತ್ತೆ. "ಇದು ವಂಶದಲ್ಲಿ ಬರೋದು ಮೇಡಂ. ಸಾಮಾನ್ಯವಾಗಿ ನಿಮ್ಮ ಅಪ್ಪನಿಗೋ ಅಮ್ಮನಿಗೋ ಇರಬೇಕು. ಖಚಿತ ಆದ್ರೆ ಪೂರ್ತಿ ಸವೆಯೋಕೆ ಮುಂಚೆ ದವಡೆಹಲ್ಲಿಗೆ ಕ್ಯಾಪ್ ಹಾಕಿ ಉಳಿಸ್ಕೊಳ್ಳೋಣ."

ಅಮ್ಮನ ಹಲ್ಲು ಇವತ್ತಿಗೂ ಚಕ್ಕುಲಿ ಕಡಿಯುತ್ತೆ. ಅಪ್ಪಂದು ಸೆಟ್ಟು, ಮದುವೆಗೆ ಮುಂಚೆ ಬಿನ್ನಿಪೇಟೆಯಲ್ಲಿ ಬಸ್ಸಿಂದ ಬಿದ್ದು ಹಲ್ಲು ಹೋಯ್ತು ಅಂತ ಮನೆಮಂದಿಗೆಲ್ಲ ಗೊತ್ತು. ಹಾಗೇ ಹೇಳಿದೆ.

"ಬಿದ್ರೆ ಮುಂದಿನವು ಹೋಗ್ತವೆ. ಹಿಂದಿನ ದವಡೆಹಲ್ಲೆಲ್ಲ ಹೆಂಗ್ ಹೋದ್ವು?" ಅಂದ್ರು ಅವರು.

ಅಯ್ಯೋ ನನ್ನ ಬುದ್ಧಿಗಿಷ್ಟು, ಮೂವತ್ನಾಲ್ಕು ವರ್ಷ ಈ ಪ್ರಶ್ನೆ ನನಗೆ ಹೊಳೆದೇ ಇರ್ಲಿಲ್ಲ. ಬಸವೇಶ್ವರನಗರದಲ್ಲಿರೋ ತವರುಮನೆಗೆ ಸ್ಕೂಟರ್ ತಿರುಗಿಸಿದೆ. ಸಿಕ್ತು, ಸಿಕ್ತು ಅಂತ ಹೆಲ್ಮೆಟ್ಟಿನೊಳಗೇ ಹೇಳ್ಕೊಂಡು ಹೋದೆ.

ಚಪ್ಪಲಿ ಬಿಡೋಕೂ ಮುಂಚೆ ಅಪ್ಪನನ್ನ ಕೇಳಿದೆ. ಅಪ್ಪ ಮೊಮ್ಮಗಳ ತುಟಿ ಸರಿಸಿ ಹಲ್ಲು ನೋಡಿದ್ರು.

"ಬಸ್ಸೂ ಇಲ್ಲ, ಏನೂ ಇಲ್ಲ ಕಣಮ್ಮ. ನನ್ನವೂ ಹಿಂಗೇ ಇದ್ವು. ಒಸಡಿನ ತನಕ ಸವೆದಿದ್ವು. ಈ ಬಾಯಿ ಇಟ್ಕೊಂಡು ಹೆಣ್ಣು ನೋಡೋಕೆ ಹೋಗ್ತೀಯಾ ಅಂತ ನಮ್ಮಮ್ಮ ಎಲ್ಲಾ ಕೀಳಿಸಿ ಸೆಟ್ಟು ಹಾಕಿಸಿದ್ಲು. ಬಸ್ಸಿನ ಕಥೆ ಕಟ್ಟಿದ್ದೂ ಅವಳೇ."

ನನಗೋ ಕುಣಿಯೋ ಹಾಗಾಯ್ತು. ನಿಂತಲ್ಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಸೋಮವಾರ ಕ್ಯಾಪು ಅಂದ್ರು. ಮಗಳ ಹಲ್ಲು ಉಳೀತು. ನೀರೂ ಅಲ್ಲ, ಪಥ್ಯಾನೂ ಅಲ್ಲ, ಯಾರ ತಪ್ಪೂ ಅಲ್ಲ ಅಮ್ಮಾ ಅಂತ ಅಡುಗೆಮನೆ ಕಡೆ ತಿರುಗಿ ಒಂದೇ ಸಮನೆ ಒದರಿದೆ.

ಅಮ್ಮ ಸ್ಟೌ ಆರಿಸಿ ಹೊರಗೆ ಬಂದ್ಲು. ನನ್ನ ಕಡೆ ನೋಡಲೇ ಇಲ್ಲ.

"ಇವಳಿಗೆ ಚಿಕ್ಕಂದಿನಲ್ಲಿ ಇದ್ದಿಲು, ಉಪ್ಪು ಹಾಕಿ ಹಲ್ಲು ಉಜ್ತಿದ್ದೆ. ರಕ್ತ ಬಂದ್ರೂ ಬಿಡ್ತಿರ್ಲಿಲ್ಲ. ಅತ್ರೆ ಬೆನ್ನಿಗೆ ಹೊಡೀತಿದ್ದೆ. ನೀವು ಇಲ್ಲೇ ಕೂತು ನೋಡ್ತಿದ್ರಿ, ಅಲ್ವೇನ್ರೀ?"

ಅಪ್ಪ "ಹೂಂ" ಅಂದ್ರು.